ಟೈಮು, ಕರೆಂಟು, ನೀರು ಒಂದೇ ಹಾಳೆಯಲ್ಲಿ: ಕರೂರಿನ ಒಂದು ಶೆಡ್ಡಿನ ಲೀನ್ ಅನುಭವ

ದಾವಣಗೆರೆಯ ಕರೂರು ಇಂಡಸ್ಟ್ರಿಯಲ್ ಏರಿಯಾದ ಒಂದು ಶೀಟ್ ಮೆಟಲ್ ಘಟಕದಲ್ಲಿ ನಾನು ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಉಕ್ಕಿನ ಶೀಟು ಬರುತ್ತದೆ. ಕತ್ತರಿಸುತ್ತೇವೆ, ಬಗ್ಗಿಸುತ್ತೇವೆ, ವೆಲ್ಡ್ ಮಾಡುತ್ತೇವೆ, ತೊಳೆದು ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣ, ಹೊಡೆದು ಓವನ್‌ಗೆ ಹಾಕಿ ತೆಗೆದು ಪ್ಯಾಕ್ ಮಾಡುತ್ತೇವೆ. ಟ್ರ್ಯಾಕ್ಟರಿಗೆ, ಪಂಪ್‌ಸೆಟ್‌ಗೆ, ಕರೆಂಟ್ ಪ್ಯಾನೆಲ್‌ಗೆ ಬೇಕಾದ ಬ್ರ್ಯಾಕೆಟ್ಟು, ಕವರು, ಡಬ್ಬಿ ಇಂಥವು. ಹೊರಗಿನವರಿಗೆ ದಾವಣಗೆರೆ ಅಂದರೆ ಬೆಣ್ಣೆ ದೋಸೆ, ಮಂಡಕ್ಕಿ, ಸ್ವಲ್ಪ ವಯಸ್ಸಾದವರಿಗೆ ಹತ್ತಿ ಗಿರಣಿ. ಆದರೆ ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಿಸುತ್ತಿದ್ದ ಕಾಲದಿಂದಲೂ ಈ ಕಡೆ ಕಬ್ಬಿಣದ ಕೆಲಸ ಬಲ್ಲವರು ಜಾಸ್ತಿ. ಆ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಅಲ್ಲಿ ಕೆಲಸ ಕಲಿತವರು ಸುತ್ತಮುತ್ತಲ ಸಣ್ಣ ಸಣ್ಣ ಶೆಡ್‌ಗಳಿಗೆ ಹಂಚಿಹೋದರು. ನಮ್ಮಲ್ಲೂ ಅಂಥ ಒಬ್ಬ ಫಿಟ್ಟರ್ ಇದ್ದಾರೆ, ಅವರ ವಿಷಯ ಮುಂದೆ ಬರುತ್ತದೆ.

ಇದೆಲ್ಲ ಶುರುವಾಗಿದ್ದು ಒಬ್ಬ ದೊಡ್ಡ ಗಿರಾಕಿಯಿಂದ. ಅವರ ಕ್ವಾಲಿಟಿ ವಿಭಾಗದವರು ಬಂದು, ಲೀನ್ ಮಾಡಿ, ಅಂದರೆ ಕೆಲಸದಲ್ಲಿ ವ್ಯರ್ಥವಾಗುವುದನ್ನೆಲ್ಲ ತೆಗೆಯಿರಿ, ಲೀಡ್ ಟೈಮ್ (ಶೀಟು ಒಳಗೆ ಬಂದು ಮಾಲು ಹೊರಗೆ ಹೋಗುವ ಹೊತ್ತು) ಅರ್ಧಕ್ಕೆ ಇಳಿಸಿ, ದಿನಾ ಸ್ವಲ್ಪ ಸ್ವಲ್ಪ ಮಾಲು ಕಳಿಸಿ ಅಂದರು. ಅದೇ ವರ್ಷ ಅದೇ ಕಂಪನಿಯ ಬೇರೆ ವಿಭಾಗದಿಂದ ಒಂದು ಉದ್ದನೆಯ ಎಕ್ಸೆಲ್ ಶೀಟ್ ಬಂತು. ಪೀಸಿಗೆ ಎಷ್ಟು ಕರೆಂಟು, ಎಷ್ಟು ನೀರು, ಎಷ್ಟು ಕಸ, ಎಷ್ಟು ಇಂಗಾಲ ಅಂತ ತುಂಬಿ ಕಳಿಸಬೇಕಿತ್ತು. ಷೇರುಪೇಟೆ ನೋಡಿಕೊಳ್ಳುವ ಸೆಬಿ 2022-23ರಿಂದ ದೇಶದ ಮೊದಲ 1000 ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ ಅನ್ನುವ, ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿಯನ್ನು ಕಡ್ಡಾಯ ಮಾಡಿದೆ. ಆ ಕಂಪನಿಗಳು ತಮ್ಮ ಲೆಕ್ಕ ಕೊಡುವಾಗ ಮಾಲು ಕೊಡುವವರ ಲೆಕ್ಕವನ್ನೂ ಕೇಳತೊಡಗಿವೆ. ಹೀಗೆ ಮುಂಬೈಯಲ್ಲಿ ಆದ ನಿಯಮ ಕರೂರಿನ ಶೆಡ್ಡಿಗೆ ಬಂದು ಮುಟ್ಟುತ್ತದೆ. ತಮಾಷೆ ಅಂದರೆ ಆ ಎರಡು ವಿಭಾಗದವರು ಒಬ್ಬರಿಗೊಬ್ಬರು ಮಾತಾಡಿದ ಹಾಗೆ ಕಾಣಲಿಲ್ಲ. ಒಬ್ಬರು ದಿನಾ ಲಾರಿ ಕಳಿಸಿ ಅನ್ನುತ್ತಾರೆ, ಇನ್ನೊಬ್ಬರು ಡೀಸೆಲ್ ಕಡಿಮೆ ಮಾಡಿ ಅನ್ನುತ್ತಾರೆ.

ನಮ್ಮ ಮಾಲೀಕರು ಮೊದಲು ಇದಕ್ಕೊಬ್ಬ, ಅದಕ್ಕೊಬ್ಬ ಅಂತ ಇಬ್ಬರು ಹುಡುಗರನ್ನು ಹಾಕೋಣ ಅಂದರು. ನನಗೆ ಅದು ಸರಿ ಕಾಣಲಿಲ್ಲ. ಎರಡು ಫೈಲ್ ಆಗುತ್ತವೆ, ಎರಡೂ ಕಪಾಟು ಸೇರುತ್ತವೆ, ಅಷ್ಟೇ. ಹೇಗೂ ಪ್ರತಿ ಮಷಿನ್ ಮುಂದೆ ನಿಂತು ಟೈಮ್ ಬರೆದುಕೊಳ್ಳಬೇಕು. ಅಲ್ಲೇ ಕರೆಂಟೂ ನೀರೂ ಬರೆದುಕೊಂಡರೆ ಏನು ಕಷ್ಟ ಅಂದೆ. ಅಷ್ಟು ಸುಲಭ ಏನೂ ಇರಲಿಲ್ಲ, ಆದರೂ ಕೊನೆಗೆ ನಡೆದಿದ್ದು ಅದೇ ದಾರಿ.

ಲೀನ್ ಗೊತ್ತಿಲ್ಲದವರಿಗೆ ಎರಡು ಮಾತು. ಇದರ ಬೇರು ಜಪಾನಿನ ಟೊಯೋಟಾ ಕಾರ್ಖಾನೆ. ಅಲ್ಲಿನ ತೈಚಿ ಓನೋ ಏಳು ಬಗೆಯ ದಂಡವನ್ನು, ಅಂದರೆ ವ್ಯರ್ಥವನ್ನು, ಗುರುತಿಸಿದರು. ಬೇಡಿಕೆಗಿಂತ ಜಾಸ್ತಿ ಮಾಡುವುದು, ಕಾಯುವುದು, ಸುಮ್ನೆ ಅಲ್ಲಿಂದಿಲ್ಲಿಗೆ ಸಾಗಿಸುವುದು, ಬೇಡದ ಕೆಲಸ ಮಾಡುವುದು, ದಾಸ್ತಾನು, ಅನಗತ್ಯ ಓಡಾಟ, ಕೆಟ್ಟ ಪೀಸು. ಪಟ್ಟಿ ಚೆನ್ನಾಗಿದೆ. ಆದರೆ ಇದರಲ್ಲಿ ಮೋರಿಗೆ ಹರಿದು ಹೋಗುವ ನೀರು ಎಲ್ಲಿದೆ? ಗಾಳಿಗೆ ಹೋಗುವ ಬಿಸಿ ಎಲ್ಲಿದೆ? ನೇರವಾಗಿ ಎಲ್ಲೂ ಇಲ್ಲ. ಎಷ್ಟೋ ಸಲ ದಂಡಗಳ ಹಿಂದೆ ಅಡಗಿ ಕೂತಿರುತ್ತದೆ. ಕೆಲವು ಸಲ ದಂಡ ತೆಗೆದರೆ ಅದು ಹೆಚ್ಚೂ ಆಗುತ್ತದೆ. ಇದನ್ನು ಗಮನಿಸಿದವರು ನಾವೇ ಮೊದಲಲ್ಲ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಲೀನ್ ಮತ್ತು ಪರಿಸರ ಎರಡನ್ನೂ ಜೋಡಿಸಿ ಕೈಪಿಡಿಗಳನ್ನೇ ತಂದಿದೆ. ವ್ಯಾಲ್ಯೂ ಸ್ಟ್ರೀಮ್ ಮ್ಯಾಪ್‌ನಲ್ಲೇ, ಅಂದರೆ ಪೀಸು ಒಳಗೆ ಬಂದು ಹೊರಗೆ ಹೋಗುವ ದಾರಿಯ ನಕ್ಷೆಯಲ್ಲೇ, ನೀರು, ವಿದ್ಯುತ್ತು, ಕೆಲಸಗಾರರ ಆಯಾಸ ಎಲ್ಲವನ್ನೂ ಬರೆಯುವ ಪದ್ಧತಿಯನ್ನೂ ಸಂಶೋಧಕರು ಮಾಡಿದ್ದಾರೆ. ನಾವು ಅದರಿಂದ ನಮಗೆ ಆಗುವಷ್ಟನ್ನು ತೆಗೆದುಕೊಂಡೆವು.

ಮ್ಯಾಪ್ ಮಾಡುವುದು ಅಂದರೆ ಡಿಸ್ಪ್ಯಾಚ್ ಬಾಗಿಲಿನಿಂದ ಹಿಂದಕ್ಕೆ ನಡೆಯುತ್ತಾ ಬರುವುದು. ಒಂದೇ ಪೀಸು ಹಿಡಿದುಕೊಳ್ಳಬೇಕು, ಎಲ್ಲ ಪೀಸಿನ ಹಿಂದೆ ಬಿದ್ದರೆ ಕೆಟ್ಟಿರಿ. ನಾವು ಒಂದು ಟ್ರ್ಯಾಕ್ಟರ್ ಬ್ರ್ಯಾಕೆಟ್ ಹಿಡಿದೆವು. ದೊಡ್ಡ ಕಂದು ಹಾಳೆಯನ್ನು ಕ್ಯಾಂಟೀನ್ ಗೋಡೆಗೆ ಅಂಟಿಸಿ, ಪ್ರತಿ ಕೆಲಸಕ್ಕೆ ಒಂದು ಚೌಕ, ಚೌಕಗಳ ನಡುವೆ ಎಷ್ಟು ಮಾಲು ಬಿದ್ದಿದೆ ಅಂತ ತ್ರಿಕೋನ, ಕೆಳಗೆ ಟೈಮಿನ ಮೆಟ್ಟಿಲು ಗೆರೆ. ಶೀಟು ಒಳಗೆ ಬಂದು ಪೆಟ್ಟಿಗೆಯಲ್ಲಿ ಹೊರಗೆ ಹೋಗಲು ಮೂರು ವಾರದ ಹತ್ತಿರ. ಅದರಲ್ಲಿ ನಿಜವಾಗಿ ಪೀಸಿನ ಮೇಲೆ ಕೆಲಸ ಆಗುವುದು ಒಂದು ಗಂಟೆಯೂ ಇಲ್ಲ. ಇದು ನೋಡಿ ಮಾಲೀಕರ ಮುಖ ಸಣ್ಣಗಾಯಿತು, ಆದರೆ ಲೀನ್ ಮಾಡಿದ ಯಾರನ್ನು ಬೇಕಾದರೂ ಕೇಳಿ, ಮೊದಲ ಮ್ಯಾಪ್ ಎಲ್ಲ ಕಡೆ ಹೀಗೇ ಬರುತ್ತದೆ.

ಟೈಮಿನ ಗೆರೆಯ ಕೆಳಗೆ ನಾವು ಇನ್ನೂ ಮೂರು ಗೆರೆ ಎಳೆದೆವು. ಒಂದು ಕರೆಂಟು ಮತ್ತು ಗ್ಯಾಸು, ಒಂದು ನೀರು, ಒಂದು ಉಕ್ಕು ಮತ್ತು ಪೌಡರ್. ಈ ಮೂರು ಗೆರೆ ತುಂಬಿಸುವುದರಲ್ಲಿ ಜೀವ ಹೈರಾಣಾಯಿತು.

ಯಾಕೆಂದರೆ ಇಡೀ ಕಾರ್ಖಾನೆಗೆ ಬೆಸ್ಕಾಂ ಮೀಟರ್ ಒಂದೇ. ತಿಂಗಳ ಬಿಲ್ಲು ಬರುತ್ತದೆ, ಅದರಲ್ಲಿ ಯಾವ ಮಷಿನ್ ಎಷ್ಟು ತಿಂದಿತು ಅಂತ ದೇವರಿಗೇ ಗೊತ್ತು. ಮಷಿನ್ ಮೇಲಿನ ಫಲಕದಲ್ಲಿರುವ ಕಿಲೋವ್ಯಾಟ್ ನೋಡಿ ಗಂಟೆಯಿಂದ ಗುಣಿಸಬಹುದು ಅಂತ ಒಬ್ಬರು ಸಲಹೆ ಕೊಟ್ಟರು. ಅದು ಉಪಯೋಗಕ್ಕೆ ಬರುವುದಿಲ್ಲ. ಮೋಟಾರಿನ ಫಲಕದಲ್ಲಿರುವುದು ಅದರ ಪೂರ್ತಿ ಸಾಮರ್ಥ್ಯ, ಶೀಟು ಬಗ್ಗಿಸುವ ಪ್ರೆಸ್ ಬ್ರೇಕು ಅರ್ಧ ಹೊತ್ತು ಸುಮ್ನೆ ತಿರುಗುತ್ತಾ ನಿಂತಿರುತ್ತದೆ. ಕ್ಲ್ಯಾಂಪ್ ಮೀಟರ್ ಹಿಡಿದು ಒಂದೊಂದೇ ಮಷಿನ್ ಅಳೆದೆವು. ಆಮೇಲೆ ದೊಡ್ಡ ನಾಲ್ಕು ಕಡೆ, ಅಂದರೆ ಲೇಸರ್ ಕಟ್ಟಿಂಗ್, ವೆಲ್ಡಿಂಗ್ ಸಾಲು, ಕಂಪ್ರೆಸರ್, ಕೋಟಿಂಗ್ ಸಾಲು, ಇಷ್ಟಕ್ಕೆ ಸಬ್‌ಮೀಟರ್ ಹಾಕಿಸಿದೆವು. ನನ್ನನ್ನು ಕೇಳಿದರೆ ಈ ಇಡೀ ಕೆಲಸದಲ್ಲಿ ದುಡ್ಡು ಕೊಟ್ಟು ತಂದ ವಸ್ತುಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಆ ಸಬ್‌ಮೀಟರ್‌ಗಳೇ. ಲೀನ್ ಪುಸ್ತಕ, ಬಣ್ಣದ ಬೋರ್ಡು, ಟ್ರೈನಿಂಗು ಎಲ್ಲ ಆಮೇಲೆ.

ಕಂಪ್ರೆಸರ್ ಮೀಟರ್ ಹಾಕಿದ ಮೊದಲ ವಾರವೇ ಒಂದು ವಿಚಿತ್ರ ಕಂಡಿತು. ಊಟದ ಹೊತ್ತಿನಲ್ಲಿ ಎಲ್ಲ ಮಷಿನ್ ನಿಂತಿರುತ್ತವೆ, ಆದರೆ ಕಂಪ್ರೆಸರ್ ಮಾತ್ರ ಹತ್ತುತ್ತದೆ, ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಗಾಳಿ ಯಾರೂ ಬಳಸುತ್ತಿಲ್ಲ, ಆದರೂ ಖರ್ಚಾಗುತ್ತಿದೆ ಅಂದರೆ ಸೋರುತ್ತಿದೆ. ಇದನ್ನು ಅಳೆಯುವುದು ಬಹಳ ಸುಲಭ. ಭಾನುವಾರ ಎಲ್ಲ ಮಷಿನ್ ಬಂದ್ ಮಾಡಿ ಕಂಪ್ರೆಸರ್ ಒಂದನ್ನೇ ಚಾಲೂ ಮಾಡಬೇಕು. ಎಷ್ಟು ಹೊತ್ತು ಲೋಡ್‌ನಲ್ಲಿ (ಗಾಳಿ ತುಂಬುತ್ತಾ) ಓಡುತ್ತದೆ, ಎಷ್ಟು ಹೊತ್ತು ಅನ್‌ಲೋಡ್‌ನಲ್ಲಿ (ಗಾಳಿ ತುಂಬದೆ) ಇರುತ್ತದೆ ಅಂತ ಗಡಿಯಾರ ಹಿಡಿದು ಕೆಲವು ಸುತ್ತು ಬರೆದುಕೊಳ್ಳಬೇಕು. ಲೋಡ್ ಆದ ಹೊತ್ತನ್ನು ಎರಡೂ ಸೇರಿದ ಹೊತ್ತಿನಿಂದ ಭಾಗಿಸಿದರೆ ಸೋರಿಕೆಯ ಪಾಲು ಸಿಗುತ್ತದೆ. ಒಂದು ನಿಮಿಷ ಲೋಡ್, ಎರಡು ನಿಮಿಷ ಅನ್‌ಲೋಡ್ ಬಂದರೆ ಮೂರನೇ ಒಂದು ಭಾಗ ಗಾಳಿ ತೂತುಗಳಿಗೆ ಹೋಗುತ್ತಿದೆ ಅಂತ ಅರ್ಥ. ನಮ್ಮದು ಅದಕ್ಕೆ ಹತ್ತಿರವೇ ಇತ್ತು. ಸರಿಯಾಗಿ ನೋಡಿಕೊಳ್ಳದ ಕಾರ್ಖಾನೆಗಳಲ್ಲಿ 20ರಿಂದ 30 ಪ್ರತಿಶತ ಸೋರುವುದು ಮಾಮೂಲಿ. ಒತ್ತಿದ ಗಾಳಿ ಕಾರ್ಖಾನೆಯಲ್ಲಿ ಸಿಗುವ ಅತಿ ದುಬಾರಿ ಶಕ್ತಿ, ಕಂಪ್ರೆಸರ್ ತಿಂದ ಕರೆಂಟಿನಲ್ಲಿ ಬಹುಪಾಲು ಬಿಸಿಯಾಗಿ ಹೋಗುತ್ತದೆ.

ಆ ಹರಿಹರದ ಫಿಟ್ಟರ್ ಬಂದರು. ಅಲ್ಟ್ರಾಸೋನಿಕ್ ಉಪಕರಣ ಬಾಡಿಗೆಗೆ ತರೋಣ ಅಂತ ನಾವು ಮಾತಾಡುತ್ತಿದ್ದರೆ, ಅವರು ‘ಸದ್ದಿಲ್ಲದಾಗ ಕಿವಿ ಕೊಟ್ಟು ಕೇಳ್ರೀ ಸಾರ್, ಎಲ್ಲಾ ಕೇಳಸ್ತೈತಿ’ ಅಂದು ಸೋಪಿನ ನೀರಿನ ಬಾಟಲಿ ಹಿಡಿದು ಪೈಪಿನ ಉದ್ದಕ್ಕೂ ನಡೆದರು. ಸೋರುವ ಪ್ರತಿ ಜಾಗಕ್ಕೂ ಒಂದು ಕೆಂಪು ಚೀಟಿ. ಸಂಜೆಯ ಹೊತ್ತಿಗೆ ವೆಲ್ಡಿಂಗ್ ಸಾಲಿನ ಪೈಪು ಜಾತ್ರೆಯ ತೇರಿನ ಹಾಗೆ ಆಗಿತ್ತು. ಜಾಸ್ತಿ ಸೋರುತ್ತಿದ್ದುದು ಹಳೆಯ ರಬ್ಬರ್ ಹೋಸಿನ ಜೋಡಣೆಗಳಲ್ಲಿ ಮತ್ತು ಯಾರೋ ನೆಲ ಗುಡಿಸಲು ಬಿಟ್ಟಿದ್ದ ಏರ್ ಗನ್ನುಗಳಲ್ಲಿ. ಸೋರಿಕೆ ಮುಚ್ಚಿದ ಮೇಲೆ ಒತ್ತಡವನ್ನೂ ಸ್ವಲ್ಪ ಇಳಿಸಲು ಆಯಿತು. 7 ಬಾರ್ ಸುತ್ತಮುತ್ತ ಓಡುವ ಕಂಪ್ರೆಸರಿನಲ್ಲಿ ಒಂದು ಬಾರ್ ಇಳಿಸಿದರೆ ಕರೆಂಟಿನಲ್ಲಿ 6ರಿಂದ 7 ಪ್ರತಿಶತ ಉಳಿಯುತ್ತದೆ.

ಇಲ್ಲಿ ಗಮನಿಸಿ, ಟೈಮಿನ ಗೆರೆ ಒಂದನ್ನೇ ನೋಡಿದ್ದರೆ ಈ ಸೋರಿಕೆ ಎಂದಿಗೂ ಕಾಣುತ್ತಿರಲಿಲ್ಲ. ಗಾಳಿ ಸೋರಿದರೆ ಯಾವ ಪೀಸೂ ತಡ ಆಗುವುದಿಲ್ಲ. ನೀರಿನ ಕಥೆಯೂ ಇದೇ. ಕೋಟಿಂಗ್ ಹೊಡೆಯುವ ಮುಂಚೆ ಪೀಸಿನ ಎಣ್ಣೆ ತೆಗೆಯಬೇಕು, ತೊಳೆಯಬೇಕು, ಫಾಸ್ಫೇಟ್ ದ್ರಾವಣದಲ್ಲಿ ಅದ್ದಬೇಕು, ಮತ್ತೆ ತೊಳೆಯಬೇಕು. ತೊಳೆಯುವ ಪ್ರತಿ ತೊಟ್ಟಿಗೂ ಬೇರೆ ಬೇರೆ ನಲ್ಲಿ, ಬೆಳಗ್ಗೆ ತಿರುಗಿಸಿದರೆ ಸಂಜೆವರೆಗೆ ತುಳುಕುತ್ತಲೇ ಇರುತ್ತಿತ್ತು. ಅದು ಬೋರ್‌ವೆಲ್ ನೀರು, ಬಿಲ್ಲು ಬರುವುದಿಲ್ಲ, ಆದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೆ ಆ ನೀರನ್ನು ಮೇಲೆತ್ತಲು ಪಂಪು, ಗಡಸು ತೆಗೆಯಲು ಸಾಫ್ಟ್‌ನರ್, ಬಳಸಿದ ಮೇಲೆ ಶುದ್ಧ ಮಾಡಲು ಇಟಿಪಿ, ಅದಕ್ಕೆ ಸುಣ್ಣ, ರಾಸಾಯನಿಕ, ಆಳು. ಅಷ್ಟಾದ ಮೇಲೆ ಉಳಿಯುವ ಫಾಸ್ಫೇಟ್ ಕೆಸರು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿ ಬರುತ್ತದೆ. ಅದನ್ನು ತೂಗಿ, ಬರೆದಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು. ಬಿಟ್ಟಿ ನೀರು ಅಂತ ಅಂದುಕೊಂಡಿದ್ದು ಇಷ್ಟೆಲ್ಲ ಖರ್ಚು ಹೊತ್ತುಕೊಂಡು ಹರಿಯುತ್ತಿತ್ತು.

ಮಾಡಿದ್ದು ಇಷ್ಟೇ. ಹೊಸ ನೀರನ್ನು ಕೊನೆಯ ತೊಟ್ಟಿಗೆ ಮಾತ್ರ ಬಿಟ್ಟು, ಅಲ್ಲಿ ತುಳುಕಿದ್ದು ಅದರ ಹಿಂದಿನ ತೊಳೆಯುವ ತೊಟ್ಟಿಗೆ ಬೀಳುವ ಹಾಗೆ ಪೈಪು ತಿರುಗಿಸಿದೆವು. ಪೀಸು ಮುಂದಕ್ಕೆ ಹೋಗುತ್ತದೆ, ನೀರು ಹಿಂದಕ್ಕೆ ಬರುತ್ತದೆ. ಪೀಸನ್ನು ತೊಟ್ಟಿಯಿಂದ ಎತ್ತಿದ ಮೇಲೆ ಸ್ವಲ್ಪ ಹೊತ್ತು ಓರೆಯಾಗಿ ಹಿಡಿದು ತೊಟ್ಟಿಕ್ಕಲು ಬಿಟ್ಟೆವು, ಇದರಿಂದ ರಾಸಾಯನಿಕ ಮುಂದಿನ ತೊಟ್ಟಿಗೆ ಹೋಗುವುದು ಕಡಿಮೆ ಆಯಿತು. ಈ ತೊಟ್ಟಿಕ್ಕಿಸುವ ಹೊತ್ತು ಲೀನ್ ಲೆಕ್ಕದಲ್ಲಿ ಕಾಯುವ ದಂಡ! ಲೀನ್ ಹೇಳಿಕೊಡಲು ಬಂದಿದ್ದ ಕನ್ಸಲ್ಟೆಂಟ್ ಅದನ್ನು ಕೆಂಪು ಪೆನ್ನಿನಲ್ಲಿ ಸುತ್ತಿದ್ದರು. ನೀರಿನ ಗೆರೆ ತೋರಿಸಿದ ಮೇಲೆ ಅವರೇ ಅಳಿಸಿದರು. ಒಳ್ಳೆಯ ಮನುಷ್ಯ, ವಾದ ಮಾಡಲಿಲ್ಲ.

ವಾದ ಆಗಿದ್ದು ಪೌಡರ್ ಬೂತಿನಲ್ಲಿ. ಇಲ್ಲಿಂದ ಮುಂದೆ ಲೀನ್ ಒಂದು ದಿಕ್ಕಿಗೆ, ಪರಿಸರದ ಲೆಕ್ಕ ಇನ್ನೊಂದು ದಿಕ್ಕಿಗೆ ಎಳೆಯಿತು.

ಲೀನ್ ಹೇಳುವುದು ಸಣ್ಣ ಸಣ್ಣ ಬ್ಯಾಚ್ ಮಾಡಿ ಅಂತ. ಗಿರಾಕಿ ಇವತ್ತು ಕೇಳಿದ್ದನ್ನು ಇವತ್ತೇ ಮಾಡಿ, ದಾಸ್ತಾನು ಇಡಬೇಡಿ. ಸರಿ. ಆದರೆ ನಮ್ಮಲ್ಲಿ ಬಣ್ಣ ಹಲವು. ಪೌಡರ್ ಬೂತಿನಲ್ಲಿ ಪೀಸಿಗೆ ಅಂಟದೆ ಕೆಳಗೆ ಬಿದ್ದ ಪುಡಿಯನ್ನು ಜರಡಿ ಹಿಡಿದು ಮತ್ತೆ ಬಳಸಬಹುದು, ಅದೇ ಪೌಡರ್ ಕೋಟಿಂಗಿನ ದೊಡ್ಡ ಗುಣ. ಬಣ್ಣ ಬದಲಾದರೆ ಆ ಗುಣ ಹೋಯಿತು. ಬೂತು, ಹೋಸು, ಗನ್ನು ಎಲ್ಲ ಊದಿ ಒರೆಸಬೇಕು, ಬೆರೆತ ಪುಡಿ ಕಸಕ್ಕೆ. ಬ್ಯಾಚ್ ಅರ್ಧ ಮಾಡಿದರೆ ಬಣ್ಣ ಬದಲಾವಣೆ ಎರಡರಷ್ಟು, ಕಸಕ್ಕೆ ಹೋಗುವ ಪುಡಿಯೂ ಹಾಗೇ ಏರುತ್ತದೆ. ಊದಲು ಗಾಳಿ ಬೇಕು, ಅಂದರೆ ಮತ್ತೆ ಕಂಪ್ರೆಸರ್.

ಜೊತೆಗೆ ಓವನ್. ಪುಡಿ ಕರಗಿ ಗಟ್ಟಿಯಾಗಲು ಪೀಸು 180ರಿಂದ 200 ಡಿಗ್ರಿ ಬಿಸಿಯಲ್ಲಿ ಹತ್ತು-ಹದಿನೈದು ನಿಮಿಷ ಇರಬೇಕು. ಬೆಳಗ್ಗೆ ತಣ್ಣಗಿರುವ ಓವನ್ ಬಿಸಿ ಮಾಡಲು ಎಷ್ಟೋ ಗ್ಯಾಸು ಹೋಗುತ್ತದೆ, ಆಮೇಲೆ ಗೋಡೆ, ಬಾಯಿ, ಚಿಮಣಿಯಿಂದ ಬಿಸಿ ಹೊರಗೆ ಹೋಗುತ್ತಲೇ ಇರುತ್ತದೆ, ಒಳಗೆ ಪೀಸು ಇರಲಿ ಇಲ್ಲದಿರಲಿ. ಓವನ್ ನೋಡಿಕೊಳ್ಳುವ ಹುಡುಗ ಮೀಟಿಂಗಿನಲ್ಲಿ ಎದ್ದು, ‘ದೋಸೆ ಹೋಟ್ಲಾಗ ಕಾವಲಿ ಕಾದ ಮ್ಯಾಲೆ ಗಿರಾಕಿ ಬಂದಂಗ ಒಂದೊಂದು ದೋಸೆ ಹುಯ್ಕಂಡು ಕುಂದ್ರಾಕಾಗ್ತೈತೇನ್ರಿ’ ಅಂದ. ಎಲ್ಲರೂ ನಕ್ಕರು. ಆದರೆ ನಮ್ಮ ಮ್ಯಾಪಿನ ಗ್ಯಾಸಿನ ಗೆರೆ ಹೇಳುತ್ತಿದ್ದುದೂ ಅದನ್ನೇ.

ಕನ್ಸಲ್ಟೆಂಟ್ ಪಟ್ಟು ಬಿಡಲಿಲ್ಲ, ದಾಸ್ತಾನು ಎಲ್ಲ ಸಮಸ್ಯೆಗಳ ತಾಯಿ ಅಂದರು. ಅದೂ ಸುಳ್ಳಲ್ಲ. ವೆಲ್ಡ್ ಆದ ಪೀಸು ಜಾಸ್ತಿ ದಿನ ಬಿದ್ದರೆ ತುಕ್ಕು ಹಿಡಿಯುತ್ತದೆ, ತುಕ್ಕು ತೆಗೆಯಲು ಆಸಿಡ್ ತೊಟ್ಟಿ, ಮತ್ತೆ ನೀರು, ಮತ್ತೆ ಕೆಸರು. ಅಂದರೆ ದಾಸ್ತಾನು ತುಂಬಾ ಜಾಸ್ತಿಯಾದರೂ ಪರಿಸರಕ್ಕೆ ಕೆಟ್ಟದ್ದು, ತೀರಾ ಕಡಿಮೆಯಾದರೂ ಕೆಟ್ಟದ್ದು. ನಡುವೆ ಎಲ್ಲೋ ಒಂದು ಜಾಗ ಇದೆ, ಅದನ್ನು ಯಾವ ಪುಸ್ತಕವೂ ಹೇಳುವುದಿಲ್ಲ, ನಿಮ್ಮ ಮೀಟರ್ ಮಾತ್ರ ಹೇಳುತ್ತದೆ.

ನಾವು ಹೀಗೆ ಮಾಡಿದೆವು. ಕಟ್ಟಿಂಗಿನಿಂದ ವೆಲ್ಡಿಂಗ್‌ವರೆಗೆ ಬ್ಯಾಚ್ ಧೈರ್ಯವಾಗಿ ಇಳಿಸಿದೆವು, ಅಲ್ಲಿ ಬದಲಾವಣೆಗೆ ಹೆಚ್ಚು ಖರ್ಚಿಲ್ಲ. ಪ್ರೆಸ್ಸಿನ ಡೈ, ಅಂದರೆ ಅಚ್ಚು, ಬದಲಿಸುವ ಕೆಲಸವನ್ನು ವಿಡಿಯೋ ತೆಗೆದು, ಮಷಿನ್ ಓಡುತ್ತಿರುವಾಗಲೇ ಮಾಡಬಹುದಾದ ತಯಾರಿಯನ್ನೆಲ್ಲ ಮೊದಲೇ ಮಾಡಿಟ್ಟುಕೊಳ್ಳುವಂತೆ ಮಾಡಿದೆವು. ವೆಲ್ಡಿಂಗಿಗೂ ಕೋಟಿಂಗಿಗೂ ನಡುವೆ ಬೇಕೆಂದೇ ಒಂದು ಅಳತೆಯ ದಾಸ್ತಾನು ಇಟ್ಟೆವು, ರ್‍ಯಾಕಿಗೆ ಗೆರೆ ಬಳಿದು, ಗೆರೆ ದಾಟಿದರೆ ವೆಲ್ಡಿಂಗ್ ನಿಲ್ಲಬೇಕು. ಕೋಟಿಂಗ್‌ಗೆ ಬಣ್ಣದ ಒಂದು ಸರದಿ ಹಾಕಿದೆವು, ತಿಳಿ ಬಣ್ಣದಿಂದ ಶುರುವಾಗಿ ಗಾಢ ಬಣ್ಣಕ್ಕೆ, ಕೊನೆಗೆ ಕಪ್ಪು. ಬಿಳಿಯಲ್ಲಿ ಒಂದು ಕಪ್ಪು ಚುಕ್ಕೆ ಬಿದ್ದರೂ ಪೀಸು ಹೋಯಿತು, ಕಪ್ಪಿನಲ್ಲಿ ಬಿಳಿ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಓವನ್ ದಿನಾ ಸ್ವಲ್ಪ ಸ್ವಲ್ಪ ಹೊತ್ತು ಓಡಿಸುವ ಬದಲು, ಹಚ್ಚಿದ ದಿನ ಎರಡೂ ಪಾಳಿ ತುಂಬಾ ಓಡಿಸಿ, ಉಳಿದ ದಿನ ಹಚ್ಚುವುದೇ ಇಲ್ಲ. ಲೀಡ್ ಟೈಮ್ ಗಿರಾಕಿ ಕೇಳಿದ ಅರ್ಧಕ್ಕೆ ಇಳಿಯಲಿಲ್ಲ, ಆದರೆ ಹತ್ತಿರ ಬಂತು. ಗ್ಯಾಸು ಮಾತ್ರ ಎದ್ದು ಕಾಣುವಷ್ಟು ಕಡಿಮೆ ಆಯಿತು. ಶುದ್ಧ ಲೀನ್ ಮಾಡುವವರು ಇದನ್ನು ನೋಡಿ ಮೂಗು ಮುರಿಯಬಹುದು, ಮುರಿಯಲಿ.

ಲಾರಿಯ ವಿಷಯ ಬೇಗ ಮುಗಿಸುತ್ತೇನೆ. ದಿನಾ ಕಳಿಸಿ ಅಂದರೆ ಹೆದ್ದಾರಿಯಲ್ಲಿ ನೂರೈವತ್ತು ಕಿಲೋಮೀಟರ್ ಅರ್ಧ ಖಾಲಿ ಗಾಡಿ ಓಡಬೇಕು. ಹರಿಹರದಲ್ಲಿ ಅದೇ ಗಿರಾಕಿಗೆ ಮಾಲು ಕೊಡುವ ಇನ್ನೊಬ್ಬರನ್ನು ಹುಡುಕಿ, ಒಂದೇ ಗಾಡಿಯಲ್ಲಿ ಇಬ್ಬರ ಮಾಲು ಹಾಕಿದೆವು. ಇದನ್ನು ಗಿರಾಕಿಯೇ ಮಾಡಿಸಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಆ ಎಕ್ಸೆಲ್ ಶೀಟು. ಪೀಸಿಗೆ ಎಷ್ಟು ಇಂಗಾಲ ಅಂತ ಲೆಕ್ಕ ಹಾಕುವ ಕ್ರಮಕ್ಕೆ ಜೀವನ ಚಕ್ರ ಮೌಲ್ಯಮಾಪನ ಅನ್ನುತ್ತಾರೆ, ಎಲ್ಲರೂ ಎಲ್‌ಸಿಎ ಅಂತಲೇ ಕರೆಯುವುದು. ಐಎಸ್‌ಒ 14040 ಮತ್ತು 14044 ಅದರ ಮಾನದಂಡಗಳು. ಮೊದಲು ಯಾವುದರ ಲೆಕ್ಕ, ಎಲ್ಲಿಂದ ಎಲ್ಲಿವರೆಗೆ ಅಂತ ಗಡಿ ಹಾಕಬೇಕು. ಆಮೇಲೆ ಒಳಗೆ ಬಂದಿದ್ದು, ಹೊರಗೆ ಹೋಗಿದ್ದು ಎಲ್ಲದರ ಪಟ್ಟಿ. ಪಟ್ಟಿ ನಮ್ಮ ಹತ್ತಿರ ಆಗಲೇ ತಯಾರಿತ್ತು, ಮ್ಯಾಪಿನ ಆ ಮೂರು ಗೆರೆಗಳೇ ಪಟ್ಟಿ. ಒಂದೇ ಹಾಳೆಯಲ್ಲಿ ಮಾಡಿದ್ದರ ಲಾಭ ಅಲ್ಲಿ ಸಿಕ್ಕಿತು.

ಕರೆಂಟಿಗೆ ಒಂದು ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಅಂತ ಹಿಡಿಯಬೇಕು, ಕೇಂದ್ರ ವಿದ್ಯುತ್ ಪ್ರಾಧಿಕಾರ ಇಡೀ ದೇಶಕ್ಕೆ ಒಂದೇ ಅಂಕಿ ಕೊಡುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಕಣ್ಣೆದುರೇ ಅಷ್ಟು ಗಾಳಿಯಂತ್ರ ತಿರುಗುತ್ತಿವೆಯಲ್ಲ, ನಮಗೆ ಕಡಿಮೆ ಹಿಡಿಯಬಹುದಲ್ವಾ ಅಂತ ನಮ್ಮ ಅಕೌಂಟೆಂಟ್ ಕೇಳಿದರು. ಆಗುವುದಿಲ್ಲ, ಆ ಗಾಳಿಯ ಕರೆಂಟನ್ನು ಒಪ್ಪಂದ ಮಾಡಿಕೊಂಡು ಕೊಂಡಿದ್ದರೆ ಮಾತ್ರ ಬೇರೆ ತೋರಿಸಬಹುದು. ಗ್ಯಾಸ್ ಒಂದು ಕೆಜಿ ಉರಿದರೆ ಸುಮಾರು 3 ಕೆಜಿ. ಉಕ್ಕಿಗೆ ಬಂದರೆ ಕಥೆಯೇ ಬೇರೆ. ಭಾರತದಲ್ಲಿ ಒಂದು ಟನ್ ಉಕ್ಕು ಮಾಡಲು ಸರಾಸರಿ ಎರಡೂವರೆ ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. 2024ರ ಡಿಸೆಂಬರ್‌ನಲ್ಲಿ ಉಕ್ಕು ಸಚಿವಾಲಯ ಹಸಿರು ಉಕ್ಕಿಗೆ ವ್ಯಾಖ್ಯೆ ಕೊಟ್ಟಾಗ ಗಡಿ ಇಟ್ಟಿದ್ದೇ ಟನ್ನಿಗೆ 2.2 ಟನ್.

ಈಗ ಸುಮ್ನೆ ಒಂದು ಅಂದಾಜು ಹಾಕಿ. ಎರಡು ಕೆಜಿಯ ಬ್ರ್ಯಾಕೆಟ್‌ಗೆ ಎರಡೂವರೆ ಕೆಜಿ ಶೀಟು ಬೇಕು ಅಂದುಕೊಳ್ಳಿ. ಉಕ್ಕಿನ ಇಂಗಾಲವೇ ಆರು ಕೆಜಿ ದಾಟಿತು. ಅದಕ್ಕೆ ಒಂದು ಯೂನಿಟ್ ಕರೆಂಟು ಸೇರಿಸಿ, ನೂರು ಗ್ರಾಂ ಗ್ಯಾಸು ಸೇರಿಸಿ, ಎರಡೂ ಸೇರಿ ಒಂದು ಕೆಜಿ. ಅಂದರೆ ನಾವು ಲೈಟು ಆರಿಸಿ, ಸೋರಿಕೆ ಮುಚ್ಚಿ, ಓವನ್ ಒಟ್ಟಿಗೆ ಓಡಿಸಿ ಏನೇ ಒದ್ದಾಡಿದರೂ ಅದು ಏಳರಲ್ಲಿ ಒಂದು ಭಾಗದ ಒಳಗಿನ ಒದ್ದಾಟ. ಉಳಿದದ್ದು ನಮ್ಮ ಗೇಟಿಗೆ ಬರುವ ಮುಂಚೆಯೇ ಆಗಿಹೋಗಿರುತ್ತದೆ. ಈ ಲೆಕ್ಕ ನೋಡಿದ ದಿನ ಕ್ಯಾಂಟೀನಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಇಷ್ಟು ದಿನ ಮಾಡಿದ್ದೆಲ್ಲ ಬರೀ ಚಿಲ್ಲರೆನಾ ಅನ್ನಿಸಿತು.

ಆದರೆ ಇದರಿಂದಲೇ ಕೆಲಸದ ದಿಕ್ಕು ಬದಲಾಯಿತು. ಉಕ್ಕು ಅಷ್ಟು ಭಾರ ಅಂದಮೇಲೆ ಕೆಟ್ಟುಹೋದ ಒಂದು ಪೀಸು ಅಂದರೆ ಆರೇಳು ಕೆಜಿ ಇಂಗಾಲ ಗುಜರಿಗೆ ಹೋದ ಹಾಗೆ. ಗುಜರಿ ಕರಗಿ ಮತ್ತೆ ಉಕ್ಕಾಗುತ್ತದೆ ನಿಜ, ಆದರೆ ಕತ್ತರಿಸಿದ, ವೆಲ್ಡ್ ಮಾಡಿದ, ಬೇಯಿಸಿದ ಶ್ರಮ ವಾಪಸ್ ಬರುವುದಿಲ್ಲ. ಅದಕ್ಕೇ ತಪ್ಪು ಪೀಸು ಕಡಿಮೆ ಮಾಡುವ ಹಳೆಯ ಲೀನ್ ಪಾಠ, ಅಂದರೆ ಪೀಸು ಹಿಡಿದಿಡುವ ವೆಲ್ಡಿಂಗ್ ಜಿಗ್‌ನಲ್ಲಿ ಅದು ಉಲ್ಟಾ ಕೂರದಂತೆ ಒಂದು ಪಿನ್ನು ಇಡುವುದು, ಮೊದಲ ಪೀಸು ಅಳೆಯದೆ ಮುಂದೆ ಹೋಗದಿರುವುದು, ಇವೇ ನಮ್ಮ ಅತಿ ದೊಡ್ಡ ಪರಿಸರ ಕೆಲಸಗಳು. ಗಿಡ ನೆಟ್ಟು ಫೋಟೋ ಹಾಕುವುದಕ್ಕಿಂತ ಆ ಪಿನ್ನು ಎಷ್ಟೋ ಮೇಲು. ಇನ್ನೊಂದು ನೆಸ್ಟಿಂಗ್, ಅಂದರೆ ಶೀಟಿನ ಮೇಲೆ ಪೀಸುಗಳನ್ನು ಹೇಗೆ ಜೋಡಿಸಿ ಕತ್ತರಿಸುವುದು. ಇಲ್ಲೂ ಬ್ಯಾಚ್ ಜಗಳ ಇದೆ. ಒಂದೇ ಪೀಸಿನ ಸಣ್ಣ ಬ್ಯಾಚ್ ಕತ್ತರಿಸಿದರೆ ಶೀಟಿನಲ್ಲಿ ಮೂಲೆ ಮೂಲೆ ಉಳಿಯುತ್ತದೆ. ದೊಡ್ಡ ಪೀಸಿನ ಸಂದಿಗೆ ಬೇರೆ ಆರ್ಡರಿನ ಸಣ್ಣ ಪೀಸು ಕೂರಿಸಿದರೆ ಉಕ್ಕು ಉಳಿಯುತ್ತದೆ, ಆದರೆ ಆ ಸಣ್ಣ ಪೀಸು ಮುಂದಿನ ವಾರದ್ದು, ಅಂದರೆ ಬೇಡಿಕೆಗಿಂತ ಮುಂಚೆ ಮಾಡಿದ ದಂಡ. ನಾವು ಉಕ್ಕಿನ ಪಕ್ಷ ವಹಿಸಿದೆವು. ಒಂದೇ ದಪ್ಪದ ಶೀಟು, ಖಂಡಿತ ಹೋಗುವ ಪೀಸು ಆದರೆ ಮಾತ್ರ ಮುಂಚಿತವಾಗಿ ಕತ್ತರಿಸಬಹುದು.

ಜನರ ವಿಷಯ ಬರೆಯದಿದ್ದರೆ ಇದು ಅರ್ಧ ಕಥೆ. ಸಸ್ಟೈನಬಿಲಿಟಿ ಅಂದರೆ ಬರೀ ಇಂಗಾಲ ಅಲ್ಲ, ಕೆಲಸ ಮಾಡುವವರೂ ಅದರಲ್ಲಿ ಬರುತ್ತಾರೆ. ಲೀನ್ ಅಂದ ಕೂಡಲೇ ನಮ್ಮ ಕಡೆ ಕಾಂಟ್ರ್ಯಾಕ್ಟ್ ಹುಡುಗರಿಗೆ ಅರ್ಥ ಆಗುವುದು ಒಂದೇ, ಆಳು ಕಡಿಮೆ ಮಾಡುತ್ತಾರೆ. ಗಡಿಯಾರ ಹಿಡಿದು ನಿಂತರೆ ಕೈ ನಿಧಾನ ಮಾಡುತ್ತಿದ್ದರು, ಅದರಲ್ಲಿ ತಪ್ಪೇನಿದೆ? ಮಾಲೀಕರು ಬಂದು ಈ ಕೆಲಸದಿಂದ ಯಾರನ್ನೂ ತೆಗೆಯುವುದಿಲ್ಲ ಅಂತ ಎಲ್ಲರೆದುರು ಹೇಳಿದ ಮೇಲೆಯೇ ನಿಜವಾದ ಟೈಮ್ ಸಿಕ್ಕಿದ್ದು. ಮ್ಯಾಪಿನಲ್ಲಿ ಪ್ರತಿ ಚೌಕಕ್ಕೂ ಶಬ್ದ, ಬಿಸಿ, ಎತ್ತುವ ಭಾರ ಅಂತ ಇನ್ನೊಂದು ಸಾಲು ಸೇರಿಸಿದೆವು. ಪ್ರೆಸ್ಸಿನ ಹತ್ತಿರ ಶಬ್ದ 90 ಡೆಸಿಬಲ್ ಮುಟ್ಟುತ್ತಿತ್ತು, ಎಂಟು ಗಂಟೆಯ ಪಾಳಿಗೆ ಕಾರ್ಖಾನೆ ನಿಯಮದ ಮಿತಿಯೇ ಅದು. ಏಪ್ರಿಲ್‌ನಲ್ಲಿ ಓವನ್ ಬಾಯಿಯ ಹತ್ತಿರ ನಿಲ್ಲಲು ಆಗುವುದಿಲ್ಲ, ದಾವಣಗೆರೆಯ ಬಿಸಿಲು ಹೊರಗೆ, ಇದು ಒಳಗೆ. ಲೀನ್ ಪ್ರಕಾರ ಪೀಸು ನೇತುಹಾಕುವವರ ಓಡಾಟ ಕಡಿಮೆ ಮಾಡಿದೆವು, ಒಳ್ಳೆಯದಾಯಿತು ಅಂದುಕೊಂಡರೆ ಪ್ಯಾಕಿಂಗ್‌ನ ಹೆಂಗಸರು ಬೇರೆಯದೇ ಹೇಳಿದರು. ಮುಂಚೆ ಟ್ರಾಲಿ ತರಲು ನಡೆಯುವಾಗಲಾದರೂ ಬೆನ್ನು ಸ್ವಲ್ಪ ನೆಟ್ಟಗೆ ಆಗುತ್ತಿತ್ತು, ಈಗ ಒಂದೇ ಕಡೆ ನಿಂತು ಒಂದೇ ಕೈ ಓಡಿಸಬೇಕು ಅಂತ. ಅನಗತ್ಯ ಓಡಾಟ ಅಂತ ನಾವು ಗುರುತು ಹಾಕಿದ್ದು ಅವರಿಗೆ ವಿಶ್ರಾಂತಿಯಾಗಿತ್ತು. ಈಗ ಪಾಳಿಯ ನಡುವೆ ಜಾಗ ಬದಲಿಸುತ್ತಾರೆ. ಗಂಟೆಗೆ ಎಷ್ಟು ಪೀಸು ಅನ್ನುವ ಅಂಕಿ ಇದರಿಂದ ಚೂರು ಇಳಿದಿದೆ, ಇಳಿಯಲಿ ಅಂತ ಬಿಟ್ಟಿದ್ದೇವೆ.

ಸರ್ಕಾರದ ಯೋಜನೆಗಳ ಬಗ್ಗೆ ತುಂಬಾ ಜನ ಕೇಳುತ್ತಾರೆ. ಉದ್ಯಮ್ ನೋಂದಣಿ ಇದ್ದರೆ ಕೇಂದ್ರದ ಎಂಎಸ್‌ಎಂಇ ಇಲಾಖೆಯ ಎರಡು ಯೋಜನೆ ಇವೆ. ಜೆಡ್ ಪ್ರಮಾಣಪತ್ರ, ಶೂನ್ಯ ದೋಷ ಶೂನ್ಯ ಪರಿಣಾಮ ಅಂತ, ಕಂಚು, ಬೆಳ್ಳಿ, ಚಿನ್ನ ಮೂರು ಹಂತ. ಶುಲ್ಕದಲ್ಲಿ ಅತಿ ಸಣ್ಣ ಘಟಕಗಳಿಗೆ 80 ಪ್ರತಿಶತ, ಸಣ್ಣವಕ್ಕೆ 60, ಮಧ್ಯಮದವಕ್ಕೆ 50 ಸಬ್ಸಿಡಿ. ಇನ್ನೊಂದು 2023ರ ಮಾರ್ಚ್‌ನಲ್ಲಿ ಶುರುವಾದ ಲೀನ್ ಯೋಜನೆ, ಅದರಲ್ಲಿ ಕನ್ಸಲ್ಟೆಂಟ್ ಖರ್ಚಿನ 90 ಪ್ರತಿಶತ ಸರ್ಕಾರದ್ದು. ಎರಡೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಫೋಟೋ. ಉಪಯೋಗ ಇದೆ, ತೆಗೆದುಕೊಳ್ಳಿ. ಆದರೆ ಗೋಡೆಗೆ ಬೋರ್ಡು ಹಾಕಿ ಫೋಟೋ ಕಳಿಸಿ ಕಂಚು ತೆಗೆದುಕೊಂಡು ಅಲ್ಲಿಗೇ ನಿಂತವರನ್ನೂ ಇದೇ ಏರಿಯಾದಲ್ಲಿ ಬೇಕಾದಷ್ಟು ನೋಡಿದ್ದೇನೆ.

ಈಗ ನಡೆಯುತ್ತಿರುವ ಜಗಳ ಭತ್ತದ ಹೊಟ್ಟಿನದು. ಭದ್ರಾ ಕಾಲುವೆಯ ದಯೆಯಿಂದ ಈ ಸುತ್ತಲೂ ಅಕ್ಕಿ ಗಿರಣಿ, ಭತ್ತದ ತೂಕದಲ್ಲಿ ಐದನೇ ಒಂದು ಭಾಗ ಹೊಟ್ಟು. ಓವನ್‌ಗೆ ಗ್ಯಾಸ್ ಬದಲು ಹೊಟ್ಟಿನ ಬ್ರಿಕೆಟ್ (ಒತ್ತಿ ಮಾಡಿದ ಗಟ್ಟಿ) ಉರಿಸಿದರೆ ಹೇಗೆ ಅಂತ ಮಾಲೀಕರಿಗೆ ಯಾರೋ ತಲೆಗೆ ಹಾಕಿದ್ದಾರೆ. ಇಂಗಾಲದ ಲೆಕ್ಕದಲ್ಲಿ ಅದು ಬೆಳೆಯಿಂದ ಬಂದ ಇಂಗಾಲ, ಬೇರೆ ಕಾಲಂನಲ್ಲಿ ತೋರಿಸುತ್ತಾರೆ, ಗ್ಯಾಸಿನ ಅಂಕಿ ಸೊನ್ನೆಗೆ ಹತ್ತಿರ ಬರುತ್ತದೆ, ಗಿರಾಕಿಯ ಶೀಟಿನಲ್ಲಿ ನಾವು ಮಿಂಚುತ್ತೇವೆ. ಆದರೆ ಹೊಟ್ಟು ಉರಿದರೆ ಆರನೇ ಒಂದು ಭಾಗದಷ್ಟು ಬೂದಿ ಉಳಿಯುತ್ತದೆ, ಬಹುತೇಕ ಸಿಲಿಕಾ. ಅದರ ಒಂದು ಕಣ ಹಸಿ ಪೌಡರ್ ಮೇಲೆ ಕೂತರೆ ಪೀಸು ರಿಜೆಕ್ಟ್. ರಿಜೆಕ್ಟ್ ಅಂದರೆ ಮತ್ತೆ ಉಕ್ಕಿನ ಲೆಕ್ಕ. ಆದ್ದರಿಂದ ಹೊಗೆ ಓವನ್ ಒಳಗೆ ಬರದಂತೆ ಹೀಟ್ ಎಕ್ಸ್‌ಚೇಂಜರ್ ಇರಬೇಕು, ಚಿಮಣಿಗೆ ಧೂಳು ಹಿಡಿಯುವ ಸಾಧನ ಇರಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದಲ್ಲಿ ಇಂಧನ ಬದಲಾಯಿಸಬೇಕು. ಬಾಯ್ಲರ್ ಇರುವ ಗಿರಣಿಗಳೂ ಅದೇ ಹೊಟ್ಟಿನ ಹಿಂದೆ ಬಿದ್ದಿರುವುದರಿಂದ ಸುಗ್ಗಿ ಮುಗಿದ ಮೇಲೆ ರೇಟು ಏರುತ್ತದೆ. ನಾನು ಮೊದಲು ಓವನ್ ಗೋಡೆಗೆ ಇನ್ಸುಲೇಷನ್ ದಪ್ಪ ಮಾಡೋಣ, ಬಾಯಿಗೆ ಗಾಳಿ ಪರದೆ ಹಾಕೋಣ, ಇಂಧನದ ಮಾತು ಆಮೇಲೆ ಅನ್ನುತ್ತಿದ್ದೇನೆ. ಓವನ್ ಹುಡುಗ ನನ್ನ ಪರ, ಅವನಿಗೆ ಬಿಸಿ ಕಡಿಮೆ ಆಗುತ್ತದೆ. ಎರಡಕ್ಕೂ ಕೊಟೇಶನ್ ಬಂದಿದೆ, ಎರಡನ್ನೂ ಅದೇ ಮ್ಯಾಪಿನ ಪಕ್ಕ ಪಿನ್ನು ಚುಚ್ಚಿ ಇಟ್ಟಿದ್ದೇವೆ, ಮುಂದಿನ ತಿಂಗಳ ಗ್ಯಾಸ್ ಬಿಲ್ ಬಂದ ಮೇಲೆ ಕೂತು ಮಾತಾಡಬೇಕು.